ಹಳೆಯ ಕಂಪ್ಯೂಟರ್‌ಗೆ ಆ್ಯಂಟಿವೈರಸ್ ಕೊಳ್ಳುವುದು ಲಾಭವೋ, ದಂಡವೋ?

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಹಲವು ಮನೆಗಳಲ್ಲಿ ಬಟ್ಟೆ ಹೊದಿಸಿಟ್ಟ ಒಂದು ಹಳೆಯ ಕಂಪ್ಯೂಟರ್ ಇರುತ್ತದೆ. ಮಗಳು ಡಿಪ್ಲೊಮಾ ಓದುವಾಗ ಕೊಂಡದ್ದು, ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಹುಬ್ಬಳ್ಳಿಯಿಂದ ತಂದ ಸೆಕೆಂಡ್ ಹ್ಯಾಂಡ್ ಯಂತ್ರ, ಇಲ್ಲವೇ 2019-20ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರ ಉಚಿತವಾಗಿ ಹಂಚಿದ ಲ್ಯಾಪ್‌ಟಾಪ್. ಇಂದಿಗೂ ಅದರಲ್ಲೇ ಪಹಣಿ ತೆಗೆಯುತ್ತಾರೆ, ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಾರೆ, ಮದುವೆಯ ಫೋಟೊ ಕೂಡಿಡುತ್ತಾರೆ.

ಅದು ನಿಧಾನವಾದಾಗ ರಿಪೇರಿ ಅಂಗಡಿಗೆ ಒಯ್ಯುತ್ತೇವೆ. ಅಲ್ಲಿ ಕೇಳಿಬರುವ ಮಾತು ಬಹುತೇಕ ಒಂದೇ: “ಸರ, ಆ್ಯಂಟಿವೈರಸ್ ಹಾಕಸ್ರಿ. ಇಲ್ಲಂದ್ರ ಆರು ತಿಂಗಳಿಗೆ ಮತ್ತ ಫಾರ್ಮ್ಯಾಟ್ ಮಾಡಬೇಕಾಗ್ತೈತಿ.” ಮನೆಗೆ ಬಂದರೆ ಕಾಲೇಜಿಗೆ ಹೋಗುವ ತಮ್ಮ ಬೇರೆಯೇ ಹೇಳುತ್ತಾನೆ: “ಆ್ಯಂಟಿವೈರಸ್ ಹಾಕಿದ್ರ ಇನ್ನಷ್ಟು ಸ್ಲೋ ಆಗ್ತೈತಿ, ಸುಮ್ನ ರೊಕ್ಕ ದಂಡ.” ಇಬ್ಬರಲ್ಲಿ ಯಾರ ಮಾತು ಸರಿ?

ಚುಟುಕಾಗಿ ಹೇಳುವುದಾದರೆ, ಇಬ್ಬರ ಮಾತೂ ಅರ್ಧರ್ಧ ನಿಜ. ವೈರಸ್‌ನಿಂದ ರಕ್ಷಣೆ ಪ್ರತಿ ಕಂಪ್ಯೂಟರ್‌ಗೂ ಬೇಕು. ಆದರೆ ವಿಂಡೋಸ್ 10 ಅಥವಾ 11 ಇರುವ ಮನೆಯ ಕಂಪ್ಯೂಟರ್‌ನಲ್ಲಿ ಆ ರಕ್ಷಣೆ ಆಗಲೇ ಇದೆ, ಅದಕ್ಕೆ ಹಣ ಕೊಡಬೇಕಿಲ್ಲ. ವಿಂಡೋಸ್ 7ರಂಥ ಹಳೆಯ ವ್ಯವಸ್ಥೆ ಇದ್ದರೆ ಎಷ್ಟೇ ಬೆಲೆಯ ಆ್ಯಂಟಿವೈರಸ್ ಹಾಕಿದರೂ ಪೂರ್ತಿ ರಕ್ಷಣೆ ಸಿಗುವುದಿಲ್ಲ. ಏಕೆ ಎಂಬುದನ್ನು ನೋಡೋಣ.

ಆ್ಯಂಟಿವೈರಸ್ ಮಾಡುವ ಕೆಲಸವೇನು?

1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ ‘ಬ್ರೇನ್’ ಎಂಬುದು ಪಿಸಿಗಳಲ್ಲಿ ಹರಡಿದ ಮೊದಲ ವೈರಸ್. ಅದು ಹರಡಿದ್ದು ಫ್ಲಾಪಿಯ ಮೂಲಕ, ಅಂದರೆ ಕೈಯಿಂದ ಕೈಗೆ. ಇಂದು ಫ್ಲಾಪಿಯ ಜಾಗದಲ್ಲಿ ಪೆನ್‌ಡ್ರೈವ್ ಇದೆ, ಅದರ ಜೊತೆಗೆ ಇಂಟರ್ನೆಟ್ ಇದೆ. ಮನುಷ್ಯನ ಕೆಲಸವೂ ಬದಲಾಗಿದೆ. ಆಗ ವೈರಸ್ ಬರೆಯುವವರಲ್ಲಿ ಹಲವರಿಗೆ ಅದು ಆಟವಾಗಿತ್ತು, ಈಗ ಅದೊಂದು ದಂಧೆ.

ಆ್ಯಂಟಿವೈರಸ್ ಮುಖ್ಯವಾಗಿ ಮೂರು ರೀತಿಯಲ್ಲಿ ಕಾವಲು ಕಾಯುತ್ತದೆ. ಮೊದಲನೆಯದು ಗುರುತು ಹಿಡಿಯುವುದು. ಪೊಲೀಸ್ ಠಾಣೆಯಲ್ಲಿ ಹಳೆಯ ಕಳ್ಳರ ಫೋಟೊ ಹಾಕಿರುತ್ತಾರಲ್ಲ, ಹಾಗೆ ಈಗಾಗಲೇ ಪತ್ತೆಯಾದ ವೈರಸ್‌ಗಳ ಗುರುತುಗಳ ದೊಡ್ಡ ಪಟ್ಟಿ ಅದರ ಬಳಿ ಇರುತ್ತದೆ. ನೀವು ತೆರೆಯುವ ಪ್ರತಿ ಫೈಲನ್ನೂ ಆ ಪಟ್ಟಿಯೊಂದಿಗೆ ಹೋಲಿಸುತ್ತದೆ. ಎರಡನೆಯದು ನಡತೆ ನೋಡುವುದು. ಗುರುತಿಲ್ಲದ ಒಂದು ಪ್ರೋಗ್ರಾಂ ದಿಢೀರನೆ ನೂರಾರು ಫೋಟೊಗಳನ್ನು ತಿದ್ದತೊಡಗಿದರೆ ಅದನ್ನು ಅನುಮಾನಿಸಿ ತಡೆಯುತ್ತದೆ. ಮೂರನೆಯದು, ಅನುಮಾನ ಬಂದ ಫೈಲಿನ ವಿವರವನ್ನು ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ಕಳಿಸಿ ವಿಚಾರಿಸುವುದು.

ಇಲ್ಲಿ ಎರಡು ಮಾತು ನೆನಪಿಡಬೇಕು. ಪಟ್ಟಿ ಹಳೆಯದಾದರೆ ಕಾವಲುಗಾರನಿಗೆ ಹೊಸ ಕಳ್ಳರ ಗುರುತು ಸಿಗುವುದಿಲ್ಲ. ಅವಧಿ ಮುಗಿದು ವರ್ಷವಾದ ಆ್ಯಂಟಿವೈರಸ್ ಮೂಲೆಯಲ್ಲಿ ಕೆಂಪು ಚಿಹ್ನೆ ತೋರಿಸುತ್ತ ಕುಳಿತಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಎರಡನೆಯದಾಗಿ, ಪ್ರತಿ ಫೈಲನ್ನೂ ಪರೀಕ್ಷಿಸಲು ಪ್ರೊಸೆಸರ್, ಮೆಮೊರಿ, ಡಿಸ್ಕ್ ಮೂರೂ ದುಡಿಯಬೇಕು. ಹಳೆಯ ಕಂಪ್ಯೂಟರ್‌ನ ನಿಜವಾದ ತೊಂದರೆ ಇರುವುದು ಇಲ್ಲಿಯೇ.

ತಪ್ಪು ಕಲ್ಪನೆ 1: “ಸ್ಲೋ ಆಗಿದೆ ಅಂದರೆ ವೈರಸ್ ಬಂದಿದೆ”

ಹಳೆಯ ಕಂಪ್ಯೂಟರ್ ನಿಧಾನವಾಗಲು ವೈರಸ್ಸೇ ಕಾರಣ ಎಂದು ಮೊದಲೇ ತೀರ್ಮಾನಿಸಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ವಿಂಡೋಸ್ 10ರಲ್ಲಿ ‘ಡಿಸ್ಕ್’ ಎಂಬ ಕಾಲಂ ಸದಾ 100% ಆಸುಪಾಸಿನಲ್ಲಿದ್ದರೆ, ‘ಮೆಮೊರಿ’ 90% ದಾಟಿದ್ದರೆ, ಯಂತ್ರ ತನ್ನ ಶಕ್ತಿ ಮೀರಿ ದುಡಿಯುತ್ತಿದೆ ಎಂದರ್ಥ.

ಹತ್ತು ವರ್ಷ ಹಿಂದಿನ ಬಹುತೇಕ ಕಂಪ್ಯೂಟರ್‌ಗಳಲ್ಲಿ ಇರುವುದು ತಿರುಗುವ ಹಾರ್ಡ್ ಡಿಸ್ಕ್. ಅದು ಒಂದೇ ದೊಡ್ಡ ಫೈಲನ್ನು ಓದುವಾಗಲೇ ಸೆಕೆಂಡಿಗೆ ಸುಮಾರು 100 ಎಂಬಿ ಮುಟ್ಟುತ್ತದೆ. ಸಾವಿರಾರು ಸಣ್ಣ ಫೈಲುಗಳನ್ನು ಹುಡುಕಿ ಓದಬೇಕಾದರೆ ಅದರ ವೇಗ ತೀರಾ ಕುಸಿಯುತ್ತದೆ. ಆ್ಯಂಟಿವೈರಸ್ ಸ್ಕ್ಯಾನ್ ಮಾಡುವುದು ಸಾವಿರಾರು ಸಣ್ಣ ಫೈಲುಗಳನ್ನೇ! ಅದೇ ಯಂತ್ರಕ್ಕೆ ಸಾಟಾ ಮಾದರಿಯ ಎಸ್‌ಎಸ್‌ಡಿ ಹಾಕಿದರೆ ಸೆಕೆಂಡಿಗೆ 500 ಎಂಬಿವರೆಗೆ ಓದಬಲ್ಲದು, ಸಣ್ಣ ಫೈಲುಗಳಲ್ಲಂತೂ ವ್ಯತ್ಯಾಸ ಇನ್ನೂ ದೊಡ್ಡದು.

ಹಾಗಾಗಿ ನಿಮ್ಮ ಬಳಿ ಖರ್ಚು ಮಾಡಲು ಸ್ವಲ್ಪ ಹಣವಿದ್ದು, ಕಂಪ್ಯೂಟರ್ ನಿಧಾನ ಎಂಬುದೇ ದೂರಾಗಿದ್ದರೆ, ಆ ಹಣ ಹೋಗಬೇಕಾದದ್ದು ಎಸ್‌ಎಸ್‌ಡಿಗೆ, ಆಮೇಲೆ ಮೆಮೊರಿಗೆ. ಆ್ಯಂಟಿವೈರಸ್ ಕೊಂಡು ಯಂತ್ರದ ವೇಗ ಹೆಚ್ಚಿಸಲು ಆಗುವುದಿಲ್ಲ. ‘ಪಿಸಿ ಬೂಸ್ಟರ್’, ‘ಸ್ಪೀಡ್ ಕ್ಲೀನರ್’ ಎಂದು ಪರದೆಯ ಮೇಲೆ ಕುಣಿಯುವ ತಂತ್ರಾಂಶಗಳನ್ನಂತೂ ಮುಟ್ಟಲೇಬೇಡಿ. ಅವುಗಳಲ್ಲಿ ಹಲವು ತಾವೇ ತೊಂದರೆಯ ಮೂಲ.

ಇನ್ನು ತಮ್ಮನ ಮಾತು. 2 ಜಿಬಿ ಮೆಮೊರಿ, ತಿರುಗುವ ಡಿಸ್ಕ್ ಇರುವ ಯಂತ್ರದಲ್ಲಿ ಹತ್ತೆಂಟು ಸೌಲಭ್ಯ ತುಂಬಿದ ಭಾರದ ಆ್ಯಂಟಿವೈರಸ್ ಹಾಕಿದರೆ ಅದು ಇನ್ನಷ್ಟು ನಿಧಾನವಾಗುವುದು ನಿಜ. ಅದಕ್ಕೆ ಪರಿಹಾರ ಹಗುರವಾದ ರಕ್ಷಣೆ ಆರಿಸಿಕೊಳ್ಳುವುದು, ಪೂರ್ತಿ ಸ್ಕ್ಯಾನನ್ನು ಯಾರೂ ಕೆಲಸ ಮಾಡದ ಹೊತ್ತಿಗೆ ಇಡುವುದು. ರಕ್ಷಣೆಯನ್ನೇ ಕಿತ್ತುಹಾಕುವುದಲ್ಲ.

ಬಾಗಿಲ ಚಿಲಕವೇ ಮುರಿದಿದ್ದರೆ?

ಆ್ಯಂಟಿವೈರಸ್ ಅಂಗಳದ ಕಾವಲುಗಾರ ಎನ್ನುವುದಾದರೆ, ವಿಂಡೋಸ್ ಅಪ್‌ಡೇಟ್ ಎಂಬುದು ಬಾಗಿಲ ಚಿಲಕ. ಯಾವುದೇ ಕಾರ್ಯಾಚರಣ ವ್ಯವಸ್ಥೆಯಲ್ಲಿ ಆಗಾಗ ದೋಷಗಳು ಪತ್ತೆಯಾಗುತ್ತವೆ. ಕಂಪನಿ ಅದಕ್ಕೆ ತೇಪೆ ಕಳಿಸುತ್ತದೆ. ತೇಪೆ ಬರುವುದು ನಿಂತುಹೋದರೆ, ಆನಂತರ ಪತ್ತೆಯಾದ ದೋಷಗಳೆಲ್ಲ ತೆರೆದ ಬಾಗಿಲಾಗಿಯೇ ಉಳಿಯುತ್ತವೆ.

ಇದಕ್ಕೆ ಒಳ್ಳೆಯ ಉದಾಹರಣೆ ‘ವಾನಾಕ್ರೈ’. 2017ರ ಮೇ 12ರಂದು ಈ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿತು. ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ವಿಂಡೋಸ್‌ನ ಒಂದು ದೋಷವನ್ನು ಹಿಡಿದು ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ದಾಟುತ್ತಿತ್ತು. ಆ ದೋಷಕ್ಕೆ ಮೈಕ್ರೋಸಾಫ್ಟ್ ತೇಪೆ ಬಿಡುಗಡೆ ಮಾಡಿದ್ದು ಯಾವಾಗ ಗೊತ್ತೇ? 2017ರ ಮಾರ್ಚ್ 14ರಂದು, ಅಂದರೆ ಸುಮಾರು ಎರಡು ತಿಂಗಳು ಮೊದಲೇ. ಸಿಕ್ಕಿಬಿದ್ದ ಯಂತ್ರಗಳಲ್ಲಿ ಬಹುಪಾಲು ಆ ತೇಪೆ ಹಾಕಿಕೊಳ್ಳದ ವಿಂಡೋಸ್ 7 ಯಂತ್ರಗಳು.

ಆದ್ದರಿಂದ “ಯಾವ ಆ್ಯಂಟಿವೈರಸ್ ಒಳ್ಳೆಯದು?” ಎಂದು ಕೇಳುವ ಮೊದಲು “ನನ್ನಲ್ಲಿ ಯಾವ ವಿಂಡೋಸ್ ಇದೆ?” ಎಂದು ನೋಡಿಕೊಳ್ಳಬೇಕು. ವಿಂಡೋಸ್ 10 ಮತ್ತು 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ಒಳಗೆ ‘ಅಬೌಟ್’ ಒತ್ತಿದರೆ ತಿಳಿಯುತ್ತದೆ. ವಿಂಡೋಸ್ 7ರಲ್ಲಿ ‘ಕಂಪ್ಯೂಟರ್’ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ನೋಡಿ.

ನಿಮ್ಮ ವಿಂಡೋಸ್ ಯಾವುದು, ಮಾಡಬೇಕಾದದ್ದೇನು?

ವಿಂಡೋಸ್ ಎಕ್ಸ್‌ಪಿ: ಇದಕ್ಕೆ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿಯಿತು. ಹಳೆಯ ನುಡಿ, ಪೇಜ್‌ಮೇಕರ್ ನಡೆಸಲೆಂದೋ ಹಳೆಯ ಪ್ರಿಂಟರಿಗೆಂದೋ ಇಟ್ಟುಕೊಂಡಿದ್ದರೆ ಇರಲಿ, ಆದರೆ ಇಂಟರ್ನೆಟ್ ಸಂಪರ್ಕ ಕೊಡಬೇಡಿ.

ವಿಂಡೋಸ್ 7: ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಇದರೊಳಗೆ ‘ಡಿಫೆಂಡರ್’ ಎಂಬ ಹೆಸರಿನ ತಂತ್ರಾಂಶ ಇದೆ ಎಂದು ನಂಬಿ ಕೂರಬೇಡಿ. ವಿಂಡೋಸ್ 7ರ ಡಿಫೆಂಡರ್ ಗೂಢಚಾರಿ ತಂತ್ರಾಂಶಗಳನ್ನು ಮಾತ್ರ ಹುಡುಕುತ್ತಿತ್ತು, ಅದು ಪೂರ್ಣ ಆ್ಯಂಟಿವೈರಸ್ ಅಲ್ಲ. ಬ್ರೌಸರ್‌ಗಳೂ ಇದನ್ನು ಕೈಬಿಟ್ಟಿವೆ. ಕ್ರೋಮ್‌ನ 109ನೇ ಆವೃತ್ತಿಯೇ ವಿಂಡೋಸ್ 7ಕ್ಕೆ ಕೊನೆಯದು. ಬ್ರೌಸರ್ ಹಳೆಯದಾಗಿದ್ದರೆ ಬ್ಯಾಂಕಿನ ಜಾಲತಾಣ ತೆರೆಯುವುದೇ ಅಪಾಯ. ಇಲ್ಲಿ ಆ್ಯಂಟಿವೈರಸ್‌ಗೆ ಹಣ ಸುರಿಯುವುದು ಗೋಡೆ ಬಿದ್ದ ಮನೆಗೆ ಹೊಸ ಬೀಗ ತಂದ ಹಾಗೆ. ಹಣಕಾಸಿನ ಕೆಲಸವನ್ನು ಈ ಯಂತ್ರದಲ್ಲಿ ಇಂದೇ ನಿಲ್ಲಿಸಿ. ವ್ಯವಸ್ಥೆಯನ್ನೇ ಬದಲಿಸುವ ದಾರಿಯನ್ನು ಮುಂದೆ ಹೇಳಿದ್ದೇವೆ.

ವಿಂಡೋಸ್ 8.1: ಬೆಂಬಲ 2023ರ ಜನವರಿ 10ಕ್ಕೆ ಮುಗಿಯಿತು. ಡಿಫೆಂಡರ್ ಪೂರ್ಣ ಆ್ಯಂಟಿವೈರಸ್ ಆಗಿ ಒಳಗೇ ಬಂದದ್ದು ವಿಂಡೋಸ್ 8ರಿಂದ. ಆದರೂ ತೇಪೆ ಬರುವುದಿಲ್ಲವಾದ್ದರಿಂದ ಇದರ ಪಾಡೂ ವಿಂಡೋಸ್ 7ರದ್ದೇ.

ವಿಂಡೋಸ್ 10: ಮನೆಗಳಲ್ಲಿ ಇಂದು ಹೆಚ್ಚು ಗೊಂದಲ ಇರುವುದು ಇದರ ಬಗ್ಗೆ. ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೆ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆ ಪಡೆಯುವ ‘ಇಎಸ್‌ಯು’ ಎಂಬ ಯೋಜನೆಯನ್ನು ಮೈಕ್ರೋಸಾಫ್ಟ್ ಕೊಟ್ಟಿದೆ. ನಿಮ್ಮ ಯಂತ್ರದಲ್ಲಿ 22ಎಚ್2 ಎಂಬ ಕೊನೆಯ ಆವೃತ್ತಿ ಇರಬೇಕು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿಕೊಂಡರೆ ಇದಕ್ಕೆ ಹಣ ಕೊಡಬೇಕಿಲ್ಲ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳುವ ಆಯ್ಕೆ ಕಾಣುತ್ತದೆ. ಡಿಫೆಂಡರ್‌ನ ವೈರಸ್ ಪಟ್ಟಿಯನ್ನು 2028ರ ಅಕ್ಟೋಬರ್‌ವರೆಗೆ ಹೊಸದಾಗಿ ಕೊಡುತ್ತಿರುವುದಾಗಿಯೂ ಕಂಪನಿ ಹೇಳಿದೆ. ಆದರೆ ಪಟ್ಟಿ ಬಂದ ಮಾತ್ರಕ್ಕೆ ತೇಪೆ ಬಂದ ಹಾಗಲ್ಲ. ಕಾವಲುಗಾರನಿಗೆ ಹೊಸ ಫೋಟೊ ಸಿಗುತ್ತದೆ, ಚಿಲಕ ಮಾತ್ರ ಮುರಿದದ್ದು ಮುರಿದಂತೆಯೇ.

ವಿಂಡೋಸ್ 11: ಡಿಫೆಂಡರ್ ಒಳಗೇ ಇದೆ, ತೇಪೆಯೂ ಬರುತ್ತಿದೆ. ಆದರೆ ಇದು ಅಧಿಕೃತವಾಗಿ ಕೂರಲು ಕನಿಷ್ಠ 4 ಜಿಬಿ ಮೆಮೊರಿ, ಟಿಪಿಎಂ 2.0 ಎಂಬ ಭದ್ರತಾ ಚಿಪ್, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹಳೆಯ ಯಂತ್ರಗಳು ನಿಲ್ಲುವುದು ಇಲ್ಲಿಯೇ.

ತಪ್ಪು ಕಲ್ಪನೆ 2: “ಬಿಟ್ಟಿ ಸಿಕ್ಕದ್ದು ಕೆಲಸಕ್ಕೆ ಬರುವುದಿಲ್ಲ”

ಮೊದಲ ವರ್ಷಗಳಲ್ಲಿ ಡಿಫೆಂಡರ್ ಬಗ್ಗೆ ತಾತ್ಸಾರ ಇದ್ದದ್ದು ನಿಜ, ಅದಕ್ಕೆ ಕಾರಣವೂ ಇತ್ತು. ಈಗ ಪರಿಸ್ಥಿತಿ ಬೇರೆ. ಜರ್ಮನಿಯ ಮಾಗ್ಡೆಬರ್ಗ್‌ನ ಎವಿ-ಟೆಸ್ಟ್, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರೆಟಿವ್ಸ್ ಎಂಬ ಸ್ವತಂತ್ರ ಸಂಸ್ಥೆಗಳು ಆ್ಯಂಟಿವೈರಸ್‌ಗಳನ್ನು ನಿಯಮಿತವಾಗಿ ಪರೀಕ್ಷಿಸುತ್ತವೆ. ಅವುಗಳಲ್ಲಿ ಡಿಫೆಂಡರ್ ಇತ್ತೀಚಿನ ವರ್ಷಗಳಲ್ಲಿ ಹಣ ಕೊಟ್ಟು ಕೊಳ್ಳುವ ಹೆಸರಾಂತ ತಂತ್ರಾಂಶಗಳ ಸಾಲಿನಲ್ಲೇ ನಿಲ್ಲುತ್ತಿದೆ.

ಇನ್ನೊಂದು ಕಡೆ, ಕಂಪನಿಯ ಹೆಸರು ದೊಡ್ಡದಿದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದೂ ಅಲ್ಲ. ಅವಾಸ್ಟ್ ಎಂಬ ಪ್ರಸಿದ್ಧ ಆ್ಯಂಟಿವೈರಸ್ ತನ್ನ ಬಳಕೆದಾರರು ಯಾವ ಯಾವ ಜಾಲತಾಣ ನೋಡಿದರು ಎಂಬ ಮಾಹಿತಿಯನ್ನು ತನ್ನ ಅಂಗಸಂಸ್ಥೆಯ ಮೂಲಕ ಮಾರಿದ್ದಕ್ಕೆ 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ 1.65 ಕೋಟಿ ಡಾಲರ್ ಕಟ್ಟಿಸಿಕೊಂಡಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು, ವಿಮಾನಗಳೂ ನಿಂತವು. ಆ್ಯಂಟಿವೈರಸ್‌ಗೆ ಯಂತ್ರದ ಆಳದವರೆಗೂ ಪ್ರವೇಶ ಇರುತ್ತದೆ. ಕಾವಲುಗಾರನ ಕೈಗೆ ಮನೆಯ ಎಲ್ಲ ಬೀಗದ ಕೈ ಕೊಟ್ಟ ಹಾಗೆ ಇದು. ಆದ್ದರಿಂದ ಯಾರನ್ನು ನೇಮಿಸುತ್ತೇವೆ ಎಂಬ ಎಚ್ಚರ ಬೇಕು.

ಹಾಗಾದರೆ ಹಣ ಕೊಡುವುದು ಯಾರಿಗೆ ಉಪಯೋಗ? ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಸೇರಿ ನಮ್ಮ ದೇಶದ ಕಂಪನಿಗಳೂ ಹೊರದೇಶದವೂ ಈ ಮಾರುಕಟ್ಟೆಯಲ್ಲಿವೆ. ಊರಿನವರ ಪೆನ್‌ಡ್ರೈವ್‌ಗಳೆಲ್ಲ ದಿನವಿಡೀ ಬಂದುಹೋಗುವ ಝೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಫೋಟೊ ಸ್ಟುಡಿಯೊಗಳಿಗೆ ಇದು ಯೋಗ್ಯ ಖರ್ಚು. ತೊಂದರೆಯಾದಾಗ ಫೋನಿನಲ್ಲಿ ಸಹಾಯ ಬೇಕು ಎನ್ನುವವರಿಗೆ, ಮಕ್ಕಳ ಬಳಕೆಗೆ ಮಿತಿ ಹಾಕುವ ಸೌಲಭ್ಯ ಬೇಕಾದವರಿಗೂ ಸರಿ. ಕೊಳ್ಳುವ ಮೊದಲು ಅದು ನಿಮ್ಮ ವಿಂಡೋಸ್‌ಗೆ ಹೊಂದುತ್ತದೆಯೇ, ಎಷ್ಟು ಮೆಮೊರಿ ಬೇಡುತ್ತದೆ ಎಂದು ಡಬ್ಬಿಯ ಮೇಲೆ ಓದಿ. ಎರಡನೇ ವರ್ಷದ ನವೀಕರಣದ ಬೆಲೆಯನ್ನೂ ಕೇಳಿ. ಪಹಣಿ, ಪತ್ರ, ಸಿನಿಮಾ, ಓದು ಇಷ್ಟಕ್ಕೇ ಬಳಸುವ ಮನೆಯ ವಿಂಡೋಸ್ 10 ಅಥವಾ 11 ಯಂತ್ರಕ್ಕೆ ಡಿಫೆಂಡರ್ ಸಾಕು ಎಂಬುದೇ ನಮ್ಮ ಅಭಿಪ್ರಾಯ.

ತಪ್ಪು ಕಲ್ಪನೆ 3: “ಎರಡು ಆ್ಯಂಟಿವೈರಸ್ ಹಾಕಿದರೆ ಡಬಲ್ ರಕ್ಷಣೆ”

ಇಲ್ಲ. ಎರಡು ಆ್ಯಂಟಿವೈರಸ್‌ಗಳು ಒಟ್ಟಿಗೆ ಕಾವಲಿಗೆ ನಿಂತರೆ ಒಂದು ತೆರೆದ ಫೈಲನ್ನು ಇನ್ನೊಂದು ಪರೀಕ್ಷಿಸುತ್ತ, ಒಂದನ್ನೊಂದು ಅನುಮಾನಿಸುತ್ತ ಯಂತ್ರವನ್ನು ನೆಲಕ್ಕೆ ಕೆಡವುತ್ತವೆ. ಇದನ್ನು ತಪ್ಪಿಸಲೆಂದೇ, ನೀವು ಬೇರೆ ಆ್ಯಂಟಿವೈರಸ್ ಹಾಕಿದಾಗ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಕಂಪ್ಯೂಟರ್ ಜೊತೆಗೆ ಬಂದ, ಅವಧಿ ಮುಗಿದ ಆ್ಯಂಟಿವೈರಸ್ ಕುಳಿತಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಯಂತ್ರವನ್ನು ಮರುಪ್ರಾರಂಭಿಸಿ. ಡಿಫೆಂಡರ್ ಮತ್ತೆ ಎಚ್ಚೆತ್ತಿದೆಯೇ ಎಂದು ‘ವಿಂಡೋಸ್ ಸೆಕ್ಯುರಿಟಿ’ ಪುಟದಲ್ಲಿ ನೋಡಿ. ಹಸಿರು ಗುರುತು ಕಂಡರೆ ಸರಿ.

ತಪ್ಪು ಕಲ್ಪನೆ 4: “ನಮ್ಮ ಕಂಪ್ಯೂಟರ್‌ನಲ್ಲಿ ಕದಿಯೋದು ಏನಿದೆ?”

ಮನೆಯ ಕಂಪ್ಯೂಟರ್‌ನಲ್ಲಿ ಏನೇನಿದೆ ಎಂದು ಒಮ್ಮೆ ಎಣಿಸಿ ನೋಡಿ. ಆಧಾರ್, ಪ್ಯಾನ್, ಪಾಸ್‌ಬುಕ್‌ನ ಸ್ಕ್ಯಾನ್ ಪ್ರತಿಗಳು. ಅಂಕಪಟ್ಟಿ, ಜಾತಿ ಪ್ರಮಾಣಪತ್ರ. ಬ್ರೌಸರ್‌ನಲ್ಲಿ ‘ಸೇವ್’ ಮಾಡಿದ ಪಾಸ್‌ವರ್ಡ್‌ಗಳು. ಇಂಥ ಪಾಸ್‌ವರ್ಡ್‌ಗಳನ್ನು ಗುಡಿಸಿಕೊಂಡು ಹೋಗಲೆಂದೇ ಬರೆದ ಕುತಂತ್ರಾಂಶಗಳಿವೆ. ಏನೂ ಸಿಗದಿದ್ದರೂ ನಿಮ್ಮ ಯಂತ್ರವನ್ನೇ ಬಾಡಿಗೆ ಆಳಿನಂತೆ ದುಡಿಸಿಕೊಂಡು ಬೇರೆಯವರಿಗೆ ಮೋಸದ ಮೇಲ್ ಕಳಿಸುತ್ತಾರೆ. ಹೀಗೆ ವಶವಾದ ಯಂತ್ರಗಳ ಜಾಲಕ್ಕೆ ‘ಬಾಟ್‌ನೆಟ್’ ಎನ್ನುತ್ತಾರೆ. ಅದನ್ನು ಶುಚಿಗೊಳಿಸಲೆಂದೇ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಿಂದ ‘ಸೈಬರ್ ಸ್ವಚ್ಛತಾ ಕೇಂದ್ರ’ವನ್ನು ನಡೆಸುತ್ತಿದೆ. ಅದರ ಜಾಲತಾಣದಲ್ಲಿ ಭಾರತೀಯ ಕಂಪನಿಗಳು ಸಿದ್ಧಪಡಿಸಿದ ಶುಚಿಗೊಳಿಸುವ ಉಪಕರಣಗಳು ಉಚಿತವಾಗಿ ಸಿಗುತ್ತವೆ.

ದಾಳಿಕೋರರು ಬೈಲಹೊಂಗಲವನ್ನೋ ಬೆಂಗಳೂರನ್ನೋ ಹುಡುಕಿಕೊಂಡು ಬರುವುದಿಲ್ಲ. ಬಲೆ ಬೀಸಿರುತ್ತಾರೆ, ಬಿದ್ದದ್ದು ಯಾವ ಮೀನಾದರೂ ಸರಿ.

ನಮ್ಮ ಕಡೆ ವೈರಸ್ ಬರುವ ಎರಡು ದಾರಿ

ಮೊದಲನೆಯದು ಪೆನ್‌ಡ್ರೈವ್. ಅರ್ಜಿ ಪ್ರಿಂಟ್ ತೆಗೆಸಲು ಅಂಗಡಿಗೆ ಹೋಗಿ ಬಂದ ಮೇಲೆ ಪೆನ್‌ಡ್ರೈವ್‌ನ ಫೋಲ್ಡರ್‌ಗಳೆಲ್ಲ ಬಾಣದ ಗುರುತಿನ ‘ಶಾರ್ಟ್‌ಕಟ್’ ಆಗಿರುವುದನ್ನು ನೀವೂ ನೋಡಿರಬಹುದು. ಈ ವೈರಸ್ ನಿಮ್ಮ ನಿಜವಾದ ಫೈಲುಗಳನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ. ಫೈಲೆಂದು ತಿಳಿದು ಅದನ್ನು ಒತ್ತಿದರೆ ವೈರಸ್ ನಿಮ್ಮ ಯಂತ್ರಕ್ಕೆ ಇಳಿಯುತ್ತದೆ. ಹಲವರು ಗಾಬರಿಯಾಗಿ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಮೊದಲು ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿ. ಆಮೇಲೆ ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಒಳಗೆ ‘ಹಿಡನ್ ಐಟಮ್ಸ್’ ಆರಿಸಿ. ನಿಮ್ಮ ಫೈಲುಗಳು ಹೆಚ್ಚಾಗಿ ಅಲ್ಲಿಯೇ ಇರುತ್ತವೆ. ವೈರಸ್ ಅವನ್ನು ವ್ಯವಸ್ಥೆಯ ಫೈಲುಗಳಂತೆಯೂ ಗುರುತು ಮಾಡಿದ್ದರೆ ಇಷ್ಟಕ್ಕೇ ಕಾಣದಿರಬಹುದು. ಆಗ ತಿಳಿದವರ ಬಳಿ ಒಯ್ಯಿರಿ, ಫಾರ್ಮ್ಯಾಟ್ ಮಾತ್ರ ಮಾಡಿಸಬೇಡಿ.

ಎರಡನೆಯದು ‘ಕ್ರ್ಯಾಕ್’. ಹಣ ಕೊಡದೆ ವಿಂಡೋಸ್, ಆಫೀಸ್, ಫೋಟೊಶಾಪ್ ಹಾಕಿಸಿಕೊಳ್ಳುವ ರೂಢಿ ಎಲ್ಲೆಡೆ ಇದೆ. ಅಂಥ ಕ್ರ್ಯಾಕ್ ಹಾಕುವಾಗ “ಮೊದಲು ಆ್ಯಂಟಿವೈರಸ್ ಆಫ್ ಮಾಡಿ” ಎಂಬ ಸೂಚನೆ ಬರುತ್ತದೆ. ಸ್ವಲ್ಪ ಯೋಚಿಸಿ. ಮನೆಗೆ ಬಂದ ಅಪರಿಚಿತ “ಮೊದಲು ನಾಯಿ ಕಟ್ಟಿಹಾಕ್ರಿ” ಎಂದರೆ ನಮಗೆ ಅನುಮಾನ ಬರುವುದಿಲ್ಲವೇ? ಹಾಗೆ ಕೇಳಿದವರೆಲ್ಲ ಕಳ್ಳರೇ ಆಗಿರಲಿಕ್ಕಿಲ್ಲ. ಆದರೆ ಕಳ್ಳ ಬಂದರೆ ಕೇಳುವುದೂ ಅದನ್ನೇ.

ಕಿತ್ತೂರಿನ ಕೋಟೆ ಹೊರಗಿನ ತೋಪಿಗಿಂತ ಒಳಗಿನ ದ್ರೋಹಕ್ಕೆ ಬಿತ್ತು, ಮದ್ದಿನಲ್ಲಿ ಸಗಣಿ ಬೆರೆಸಿದರು ಎಂಬ ಕಥೆಯನ್ನು ಈ ಭಾಗದ ಮಕ್ಕಳೆಲ್ಲ ಕೇಳಿ ಬೆಳೆದವರು. ಕ್ರ್ಯಾಕ್ ಮಾಡುವುದೂ ಅದೇ ಕೆಲಸ. ‘ಸ್ಟಾಪ್’ ಅಥವಾ ‘ಡಿಜೆವು’ ಎಂಬ ಸುಲಿಗೆ ತಂತ್ರಾಂಶ ಮನೆ ಬಳಕೆದಾರರಿಗೆ ತಗುಲಿದ್ದು ಹೆಚ್ಚಾಗಿ ಈ ದಾರಿಯಲ್ಲೇ. ಅದು ಫೋಟೊ, ದಾಖಲೆಗಳಿಗೆಲ್ಲ ಬೀಗ ಹಾಕಿ 980 ಡಾಲರ್ ಕೇಳುತ್ತಿತ್ತು. 72 ಗಂಟೆಯೊಳಗೆ ಕೊಟ್ಟರೆ ಅರ್ಧ ರಿಯಾಯಿತಿ, 490 ಡಾಲರ್! 2019ರಲ್ಲಿ ಎಮ್ಸಿಸಾಫ್ಟ್ ಎಂಬ ಸಂಸ್ಥೆ ಅದರ 148 ರೂಪಗಳಿಗೆ ಉಚಿತ ಬಿಡುಗಡೆ ಉಪಕರಣ ಕೊಟ್ಟಿತು. ಆದರೆ ಆಮೇಲೆ ಬಂದ ರೂಪಗಳ ಬೀಗ ಹೆಚ್ಚಿನವರ ಪಾಲಿಗೆ ತೆರೆಯಲೇ ಇಲ್ಲ. ಫಾರ್ಮ್ಯಾಟ್ ಮಾಡಿದರೆ ಯಂತ್ರ ಶುಚಿಯಾಗುತ್ತದೆ, ಫೋಟೊಗಳು ಮರಳುವುದಿಲ್ಲ.

ಆ್ಯಂಟಿವೈರಸ್ ತಡೆಯಲಾಗದ ಕಳ್ಳತನ

ಈ ಭಾಗವನ್ನು ಮನೆಯ ಹಿರಿಯರಿಗೆ ಓದಿ ಹೇಳಿ. ಇಂದು ಹಣ ಹೋಗುವುದು ಹೆಚ್ಚಾಗಿ ಯಂತ್ರವನ್ನು ಮುರಿದಲ್ಲ, ಮನುಷ್ಯರನ್ನು ಹೆದರಿಸಿ. ಪರದೆ ತುಂಬ ಕೆಂಪು ಎಚ್ಚರಿಕೆ, ಗಂಟೆಯ ಸದ್ದು, “ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ” ಎಂಬ ಸಂದೇಶ ಬಂದರೆ ಅದು ಮೋಸ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಬ್ರೌಸರ್ ಮುಚ್ಚಿ. ಮುಚ್ಚಲಾಗದಿದ್ದರೆ ಯಂತ್ರವನ್ನು ಮರುಪ್ರಾರಂಭಿಸಿ. ಕರೆ ಮಾಡಿದರೆ ಆ ಕಡೆಯವರು ‘ಎನಿಡೆಸ್ಕ್’ನಂಥ ತಂತ್ರಾಂಶ ಹಾಕಿಸಿ ನಿಮ್ಮ ಯಂತ್ರವನ್ನು ದೂರದಿಂದಲೇ ಕೈಗೆ ತೆಗೆದುಕೊಳ್ಳುತ್ತಾರೆ. ನೀವೇ ಅನುಮತಿ ಕೊಟ್ಟ ಮೇಲೆ ಆ್ಯಂಟಿವೈರಸ್ ಸುಮ್ಮನೆ ನೋಡುತ್ತದೆ.

ಇದು ದೂರದ ಮಾತಲ್ಲ. 2025ರ ಮಾರ್ಚ್‌ನಲ್ಲಿ ನಮ್ಮದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿದವರಿಗೆ ಲಕ್ಷಾಂತರ ರೂಪಾಯಿ ಕೊಟ್ಟ ವೃದ್ಧ ದಂಪತಿ ಕೊನೆಗೆ ಪ್ರಾಣವನ್ನೇ ಕಳೆದುಕೊಂಡರು. ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಯಾವ ಪೊಲೀಸರೂ ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ. ಅಂಥ ಕರೆ ಬಂದರೆ ಫೋನಿಟ್ಟು ಮನೆಯವರಿಗೆ ಹೇಳಿ. ಮೋಸ ಹೋದವರ ತಪ್ಪು ಅದಲ್ಲ, ನಾಚಿಕೊಂಡು ಮುಚ್ಚಿಡಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ತಿಳಿಸುತ್ತೀರೋ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ಹಣವಿಲ್ಲದೆ ಮಾಡಬಹುದಾದ ಆರು ಕೆಲಸ

1. ಅಪ್‌ಡೇಟ್ ಬರುತ್ತಿದೆಯೇ ನೋಡಿ. ಮೊಬೈಲ್ ಹಾಟ್‌ಸ್ಪಾಟ್ ಬಳಸುವ ಮನೆಗಳಲ್ಲಿ ಡೇಟಾ ಉಳಿಸಲೆಂದು ‘ಮೀಟರ್ಡ್ ಕನೆಕ್ಷನ್’ ಆನ್ ಆಗಿರುತ್ತದೆ. ಆಗ ವಿಂಡೋಸ್ ಹಲವು ಅಪ್‌ಡೇಟ್‌ಗಳನ್ನು ತಡೆಹಿಡಿಯುತ್ತದೆ. ವಾರಕ್ಕೊಮ್ಮೆಯಾದರೂ, ದಿನದ ಡೇಟಾ ಉಳಿದಿರುವ ರಾತ್ರಿ ಹೊತ್ತಿಗೆ ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತಿ. ಕರೆಂಟು ಹೋಗುವ ಹೊತ್ತಿನಲ್ಲಿ ಮಾತ್ರ ಇದನ್ನು ಶುರುಮಾಡಬೇಡಿ.

2. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್’ ಆನ್ ಮಾಡಿ. ‘ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್’ ಒಳಗಿನ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಆನ್ ಮಾಡಿದರೆ ಅಪರಿಚಿತ ಪ್ರೋಗ್ರಾಂಗಳು ನಿಮ್ಮ ದಾಖಲೆ, ಫೋಟೊಗಳನ್ನು ತಿದ್ದಲಾಗದು. ನುಡಿ, ಬರಹದಂಥ ತಂತ್ರಾಂಶ ಫೈಲ್ ಉಳಿಸಲು ತಡೆ ಬಂದರೆ ಅದಕ್ಕೊಂದಕ್ಕೆ ಅನುಮತಿ ಕೊಡಿ.

3. ಅನುಮಾನವಿದ್ದರೆ ‘ಆಫ್‌ಲೈನ್ ಸ್ಕ್ಯಾನ್’ ಮಾಡಿ. ವಿಂಡೋಸ್ ಶುರುವಾಗುವ ಮೊದಲೇ ನಡೆಯುವ ಈ ಪರೀಕ್ಷೆಯಲ್ಲಿ ಅಡಗಿ ಕುಳಿತವೂ ಸಿಗುತ್ತವೆ. ಸುಮಾರು 15 ನಿಮಿಷ ಹಿಡಿಯುತ್ತದೆ, ಹಳೆಯ ಡಿಸ್ಕ್ ಆದರೆ ಇನ್ನಷ್ಟು ತಡವಾಗಬಹುದು.

4. ದಿನದ ಕೆಲಸಕ್ಕೆ ‘ಸ್ಟ್ಯಾಂಡರ್ಡ್’ ಖಾತೆ ಮಾಡಿಕೊಳ್ಳಿ. ಅಡ್ಮಿನಿಸ್ಟ್ರೇಟರ್ ಖಾತೆಯ ಪಾಸ್‌ವರ್ಡ್ ಮನೆಯ ಒಬ್ಬರ ಬಳಿ ಇರಲಿ. ಮಕ್ಕಳು ಆಟ ಡೌನ್‌ಲೋಡ್ ಮಾಡುವಾಗ ಆಗುವ ಅನಾಹುತದ ದೊಡ್ಡ ಪಾಲು ಇದರಿಂದಲೇ ತಪ್ಪುತ್ತದೆ.

5. ಮುಖ್ಯ ಫೈಲುಗಳ ಮೂರು ಪ್ರತಿ ಇರಲಿ. ಒಂದು ಕಂಪ್ಯೂಟರ್‌ನಲ್ಲಿ, ಒಂದು ಹೊರಗಿನ ಡಿಸ್ಕ್‌ನಲ್ಲಿ, ಒಂದು ಮನೆಯಾಚೆ, ಅಂದರೆ ಇಂಟರ್ನೆಟ್ ಖಾತೆಯಲ್ಲೋ ಬೇರೆ ಊರಿನ ನೆಂಟರ ಬಳಿಯೋ. ಹೊರಗಿನ ಡಿಸ್ಕನ್ನು ನಕಲು ಮಾಡಿದ ಮೇಲೆ ಬಿಚ್ಚಿಡಿ. ಸದಾ ಚುಚ್ಚಿಯೇ ಇಟ್ಟರೆ ಸುಲಿಗೆ ತಂತ್ರಾಂಶ ಅದಕ್ಕೂ ಬೀಗ ಹಾಕುತ್ತದೆ.

6. ಬ್ಯಾಂಕಿನ ಕೆಲಸವನ್ನು ಅಪ್‌ಡೇಟ್ ಬರುವ ಯಂತ್ರದಲ್ಲಿ ಮಾತ್ರ ಮಾಡಿ. ಹಳೆಯ ವಿಂಡೋಸ್ 7 ಯಂತ್ರಕ್ಕಿಂತ ಈಗಲೂ ಭದ್ರತಾ ಅಪ್‌ಡೇಟ್ ಪಡೆಯುತ್ತಿರುವ ನಿಮ್ಮ ಮೊಬೈಲ್ ಎಷ್ಟೋ ಮೇಲು.

ತೀರಾ ಹಳೆಯ ಯಂತ್ರಕ್ಕೆ ಇನ್ನೊಂದು ದಾರಿ

ವಿಂಡೋಸ್ 11 ಕೂರದ, ಆದರೆ ಕೆಲಸಕ್ಕೆ ಬರುವ ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಬಹುದು. ‘ಲಿನಕ್ಸ್ ಮಿಂಟ್’ ಕನಿಷ್ಠ 2 ಜಿಬಿ ಮೆಮೊರಿಯಲ್ಲಿ ನಡೆಯುತ್ತದೆ, 4 ಜಿಬಿ ಇದ್ದರೆ ಆರಾಮ. ಅದರ 22ನೇ ಸರಣಿಗೆ 2029ರವರೆಗೆ ತೇಪೆ ಸಿಗುತ್ತದೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದೇ ಲಿನಕ್ಸ್ ಮೇಲೆ. ಕನ್ನಡ ಬರೆಯಲು ನುಡಿಯಲ್ಲಿ ರೂಢಿಯಾದ ಕೆಜಿಪಿ ಕೀಲಿಮಣೆ ವಿನ್ಯಾಸವೂ ಅದರಲ್ಲಿ ಸಿಗುತ್ತದೆ. ಹಳೆಯ ನುಡಿ ಅಕ್ಷರಗಳಲ್ಲಿರುವ ಕಡತಗಳನ್ನು ಮಾತ್ರ ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ, ಪ್ರಿಂಟರ್, ವೈಫೈ ಹೊಂದುತ್ತವೆಯೇ ಎಂದು ಪರೀಕ್ಷಿಸಿ. ಲಿನಕ್ಸ್‌ಗೆ ವೈರಸ್ಸೇ ಬರುವುದಿಲ್ಲ ಎಂಬುದು ಮಾತ್ರ ಸುಳ್ಳು. ಮನೆ ಬಳಕೆದಾರರ ಮೇಲೆ ದಾಳಿ ಕಡಿಮೆ, ಅಷ್ಟೇ. ಮೋಸದ ಕರೆಗೆ ಯಾವ ವ್ಯವಸ್ಥೆಯಾದರೂ ಒಂದೇ.

ಕೊನೆಯದಾಗಿ

ರಿಪೇರಿ ಅಂಗಡಿಯವರು ಮತ್ತೆ “ಆ್ಯಂಟಿವೈರಸ್ ಹಾಕಸ್ರಿ” ಎಂದರೆ ನೀವು ಕೇಳಬೇಕಾದ ಪ್ರಶ್ನೆಗಳು ಮೂರು: ಇದರಲ್ಲಿರುವ ವಿಂಡೋಸ್‌ಗೆ ತೇಪೆ ಬರುತ್ತಿದೆಯೇ? ಡಿಫೆಂಡರ್ ಆನ್ ಇದೆಯೇ? ಫಾರ್ಮ್ಯಾಟ್ ಮಾಡುವ ಮೊದಲು ನನ್ನ ಫೈಲುಗಳ ಪ್ರತಿ ತೆಗೆದಿದ್ದೀರಾ? ಮೊದಲ ಎರಡಕ್ಕೆ ಹೌದು ಎಂಬ ಉತ್ತರ ಬಂದರೆ ಆ್ಯಂಟಿವೈರಸ್‌ನ ಹಣ ನಿಮ್ಮ ಜೇಬಿನಲ್ಲೇ ಇರಲಿ. ಅದರಿಂದ ಒಂದು ಹೊರಗಿನ ಡಿಸ್ಕ್ ಕೊಂಡು ಮನೆಯ ಫೋಟೊಗಳನ್ನು ಈ ಭಾನುವಾರವೇ ನಕಲು ಮಾಡಿಡಿ. ಮೊದಲನೆಯದಕ್ಕೆ ಇಲ್ಲ ಎಂದಾದರೆ ಯಾವ ಆ್ಯಂಟಿವೈರಸ್ ಎಂಬ ಚರ್ಚೆ ಬಿಟ್ಟು ವ್ಯವಸ್ಥೆಯನ್ನೇ ಬದಲಿಸಿ. ಮೂರನೆಯದಕ್ಕೆ ಇಲ್ಲ ಎಂದರೆ, ಕಂಪ್ಯೂಟರನ್ನು ಮನೆಗೆ ತಂದು ಪ್ರತಿ ತೆಗೆದುಕೊಂಡು ಆಮೇಲೆ ಕೊಡಿ.